ಹನ್ನೊಂದನೇ ನಂಬರಿನ ಜಾಲರಿ

"ಆ ಕೈಯಲ್ಲ ಕಣೋ ಮುಂಡೇದೆ. ಆ ಕೈ ಯಾರಿಗೆ ಬೇಕು? ಇನ್ನೊಂದು ಎತ್ತು."

ಅವನು ಎಡಗೈ ಇಳಿಸಿ ಬಲಗೈ ಎತ್ತಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಇದ್ದವು. ಉಂಗುರದ ಬೆರಳೂ ಕಿರುಬೆರಳೂ ಇರಬೇಕಾದ ಜಾಗದಲ್ಲಿ ಹೊಲಿಗೆ ಹಾಕಿ ಮಡಚಿದ ಚರ್ಮವಿತ್ತು. ಮ್ಯಾನೇಜರ್ ಮೇಜಿನ ಆಚೆಯಿಂದ ಬಗ್ಗಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಆ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚೆನ್ನಾಗಿದೆ. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಕೆಲಸ ನಿನಗೇ, ಹೋಗು."

ಅದು ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಕಾರ್ಖಾನೆ. ಶೆಡ್ಡಿನಲ್ಲಿ ಹದಿನಾಲ್ಕು ಪ್ರೆಸ್ಸುಗಳಿದ್ದವು. ತಗಡು ಒಳಗಿಟ್ಟು ಕಾಲಿನಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಬಂದು ಹೊಡೆಯುತ್ತದೆ, ಮುಚ್ಚಳ ಕೆಳಗೆ ಉದುರುತ್ತದೆ. ಕೈ ಒಳಗೆ ಹೋಗಬಾರದು ಅಂತ ಪ್ರತಿ ಪ್ರೆಸ್ಸಿನ ಬಾಯಿಗೂ ಒಂದು ಕಬ್ಬಿಣದ ಜಾಲರಿ ಬಂದಿತ್ತು. ಜಾಲರಿ ಇದ್ದರೆ ತಗಡನ್ನು ಸಂದಿಯಿಂದ ಇಕ್ಕಳದಲ್ಲಿ ತೂರಿಸಬೇಕು, ಗಂಟೆಗೆ ಆರುನೂರು ಮುಚ್ಚಳ ಆಗುತ್ತದೆ. ಜಾಲರಿ ಬಿಚ್ಚಿ ಬರಿಗೈಯಲ್ಲಿ ಇಟ್ಟರೆ ಒಂಬೈನೂರು. ಮ್ಯಾನೇಜರಿಗೆ ಒಂಬೈನೂರೇ ಬೇಕಿತ್ತು. ಹಾಗಾಗಿ ಹದಿನಾಲ್ಕೂ ಜಾಲರಿಗಳು ಗುಜರಿ ಕೋಣೆಯ ಮೂಲೆಯಲ್ಲಿ ಧೂಳು ಹೊದ್ದು ಮಲಗಿದ್ದವು.

ಮುಚ್ಚಳ ಕೊಳ್ಳುವ ದೊಡ್ಡ ಕಂಪನಿಯವರು ಆ ವರ್ಷ ಹೊಸದೊಂದು ಪಟ್ಟು ಹಿಡಿದರು. ಸೇಫ್ಟಿಗೆ ಅಂತಲೇ ಒಬ್ಬ ಆಳು ಇರಬೇಕು, ಕೆಲಸಕ್ಕೆ ಸೇರುವ ಹೊಸಬರಿಗೆ ಅವನು ತಿಳಿವಳಿಕೆ ಹೇಳಬೇಕು. ಗೇಟಿಗೆ ಜಾಹೀರಾತು ಅಂಟಿತು. ಡಿಪ್ಲೊಮಾ ಓದಿದ ಮೂವರು ಬಂದರು. ಮೊದಲನೆಯವನು ಕೇಳಿದ ಸಂಬಳಕ್ಕೆ ಮ್ಯಾನೇಜರ್ ನಕ್ಕರು. ಎರಡನೆಯವನು ಶೆಡ್ಡು ನೋಡಿದವನೇ ಹೇಳದೆ ಕೇಳದೆ ಹೊರಟುಹೋದ. ಮೂರನೆಯವಳು ಕನ್ನಡಕದ ಹುಡುಗಿ. ಪ್ರೆಸ್ಸುಗಳ ಜಾಲರಿ ಎಲ್ಲಿ ಅಂತ ಕೇಳಿದಳು. ಪತ್ರ ಬರೆದು ತಿಳಿಸುತ್ತೇವೆ ಅಂದರು. ಆ ಪತ್ರ ಇನ್ನೂ ದಾರಿಯಲ್ಲಿದೆ.

ಆಮೇಲೆ ಇವನ ನೆನಪಾಯಿತು. ಶೆಡ್ಡಿನವರು ಅವನನ್ನು ಮೂರ್ಬೆರಳು ಅಂತಲೇ ಕರೆಯುತ್ತಿದ್ದದ್ದು. ಎರಡು ವರ್ಷದ ಹಿಂದೆ ನಾಲ್ಕನೇ ನಂಬರಿನ ಪ್ರೆಸ್ಸು ಒಮ್ಮೆ ಪೆಡಲ್ ಒತ್ತಿದರೆ ಎರಡು ಸಲ ಹೊಡೆಯುತ್ತಿತ್ತು. ಅವನು ಒಂದು ವಾರದಲ್ಲಿ ಮೂರು ಸಲ ಹೇಳಿದ್ದ. ಮೂರನೆಯ ಸಲ ಮ್ಯಾನೇಜರ್, ಗೋಳಾಡೋದಿದ್ರೆ ಹೆಂಡತಿ ಹತ್ರ ಗೋಳಾಡು ಅಂದಿದ್ದರು. ಮಾರನೆಯ ದಿನ ಎರಡನೆಯ ಹೊಡೆತಕ್ಕೆ ಎರಡು ಬೆರಳು ಹೋದವು. ಅಂದಿನಿಂದ ಅವನು ಗುಜರಿ ಕೋಣೆಯಲ್ಲಿ ತುಂಡು ತಗಡು ಆರಿಸುತ್ತಿದ್ದ.

"ಹೊಸಬ್ರಿಗೆ ಏನ್ ಹೇಳ್ಬೇಕು ಸರ್?"

"ಕೈ ತೋರ್ಸು. ನಾನು ಮೈಮರೆತೆ, ನನ್ನದೇ ತಪ್ಪು ಅನ್ನು. ಅಷ್ಟೇ."

"ಅದು ಡಬಲ್ ಹೊಡೀತಿತ್ತಲ್ಲ ಸರ್."

ಮ್ಯಾನೇಜರ್ ಸಿಟ್ಟಾಗಲಿಲ್ಲ. ಗುಜರಿ ಕೋಣೆಯ ತಗಡಿನ ಮಾಡಿನ ಕೆಳಗೆ ಬೇಸಿಗೆ ಹೇಗಿರುತ್ತೆ ಅಂತ ವಿಚಾರಿಸಿದರು. ಇಲ್ಲಿ ಕುರ್ಚಿ ಇದೆ, ಫ್ಯಾನಿದೆ, ಬಿಳಿ ಹೆಲ್ಮೆಟ್ ಇದೆ ಅಂದರು. ಅವನು ಆ ಸಂಜೆ ಬಿಳಿ ಹೆಲ್ಮೆಟ್ ಹಾಕಿಕೊಂಡೇ ಮನೆಗೆ ಹೋದ.

ಹೆಂಡತಿ ಎಲ್ಲ ಕೇಳಿ ಕೆಂಡವಾದಳು. "ನಿಮ್ಮ ತಪ್ಪೇನ್ರೀ ಅದು? ಹಾಗಂದೋರ ಬಾಯಿ ಸೇದಿಹೋಗ." ಆಮೇಲೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದಳು. "ಕೂತ್ಕೊಂಡು ಮಾಡೋ ಕೆಲಸಾನಾ?"

ಆ ಕಾರ್ಖಾನೆಗೆ ಜನ ಬರುವುದೂ ಬಿಡುವುದೂ ಸಂಡಾಸಿಗೆ ಹೋಗಿಬಂದಷ್ಟೇ ಸಲೀಸು. ತಿಂಗಳ ಮೊದಲ ಸೋಮವಾರ ಇಪ್ಪತ್ತೋ ಮೂವತ್ತೋ ಹೊಸ ಮುಖಗಳು ಕ್ಯಾಂಟೀನಿನ ಬೆಂಚುಗಳ ಮೇಲೆ ಕೂರುತ್ತಿದ್ದವು. ಮೊದಲ ತಿಂಗಳು ಅವನು ಎರಡು ಮಾತು ತೊದಲಿ ಬೆವರಿದ. ಹಿಂದಿನ ಬೆಂಚಿನವನೊಬ್ಬ ಆಕಳಿಸಿದ. ಅದು ಅವನಿಗೆ ನಾಟಿತು. ಸುಳ್ಳು ಹೇಳುವುದು ಆಯಿತು, ನೆಟ್ಟಗಾದರೂ ಹೇಳಬೇಡವೇ? ಎರಡನೆಯ ತಿಂಗಳು ಒಂದು ನಗೆಯ ಮಾತು ಸೇರಿಸಿದ. ಮೂರನೆಯ ತಿಂಗಳಿಗೆ ಕಥೆಗೆ ಕೈಕಾಲು ಬಂದವು.

"ಆಗ ನಂಗೆ ಹೊಸದಾಗಿ ಮದುವೆಯಾಗಿತ್ತು. ಕೈ ಇಲ್ಲಿತ್ತು, ಮನಸ್ಸು ಮನೇಲಿತ್ತು. ಪ್ರೆಸ್ಸಿಗೆ ಹೊಟ್ಟೆಕಿಚ್ಚು ಬಂತು," ಅನ್ನುತ್ತಿದ್ದ. ಬೆಂಚುಗಳು ನಗುತ್ತಿದ್ದವು. ಆಗ ಕೈ ಎತ್ತುತ್ತಿದ್ದ. ನಗು ನಿಲ್ಲುತ್ತಿತ್ತು. "ಉಂಗುರದ ಖರ್ಚು ಉಳೀತು ಅನ್ನಿ. ಆದ್ರೆ ಪ್ರೆಸ್ಸಿಂದು ತಪ್ಪಿಲ್ಲ, ಕಂಪನೀದು ತಪ್ಪಿಲ್ಲ. ನನ್ನದೇ ತಪ್ಪು." ನಿಜಕ್ಕೆ ಬೆರಳು ಹೋದಾಗ ಮದುವೆಯಾಗಿ ಏಳು ವರ್ಷವಾಗಿತ್ತು. ಆದರೆ ಹೊಸ ಮದುವೆ ಅಂದರೇನೇ ಜನ ನಗುವುದು.

ಕೊನೆಗೆ ಒಂದು ಹಾಳೆ ತಿರುಗುತ್ತಿತ್ತು. ಅದರ ತಲೆಯಲ್ಲಿ 'ಇಂದು ತಿಳಿಸಿದ ವಿಷಯ' ಅಂತ ಅಚ್ಚಾಗಿ ಮುಂದೆ ಖಾಲಿ ಗೆರೆ. ಆ ಗೆರೆಯ ಮೇಲೆ ಪ್ರತಿ ತಿಂಗಳೂ ಅವನು ತನ್ನ ಮೂರು ಬೆರಳಿನಲ್ಲಿ ಪೆನ್ನು ಹಿಡಿದು 'ಕೆಲಸಗಾರರ ಅಜಾಗ್ರತೆ' ಅಂತ ಬರೆಯುತ್ತಿದ್ದ. ಅದರ ಕೆಳಗೆ ಎಲ್ಲರೂ 'ಕೇಳಿ ತಿಳಿದುಕೊಂಡಿದ್ದೇನೆ' ಅಂತ ರುಜು ಹಾಕಬೇಕು. ಹಾಳೆಗಳು ಮ್ಯಾನೇಜರ ಬೀರುವಿಗೆ ಹೋಗುತ್ತಿದ್ದವು.

ನಾಲ್ಕನೆಯ ತಿಂಗಳು ಮುಂದಿನ ಬೆಂಚಿನಲ್ಲಿ ಅವನ ಹೆಂಡತಿಯ ತಂಗಿ ಕೂತಿದ್ದಳು. ಮೂರು ಹೊತ್ತೂ ಮಾತಾಡುತ್ತಾಳೆ, ಯಾರು ಏನು ಅಂದರೂ ಹಾಗೇ ಒಪ್ಪಿಸುತ್ತಾಳೆ ಅಂತ ಮನೆಯವರೆಲ್ಲ ಅವಳನ್ನು ಗಿಣಿ ಅನ್ನುತ್ತಿದ್ದರು. ಕೆಲಸ ಕೊಡಿಸಿದವನು ಅವನೇ. ಮ್ಯಾನೇಜರ ಮುಂದೆ ಹಲ್ಲು ಗಿಂಜಿ, ನಮ್ಮ ಹುಡುಗಿ ಸರ್, ಕೈ ಚುರುಕು ಸರ್ ಅಂದಿದ್ದ. ಭಾವನ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಗಿಣಿ. ದುಂಡಗೆ ರುಜು ಹಾಕಿದಳು. ಸಂಜೆ ಮನೆಯಲ್ಲಿ ಎರಡು ಬೆರಳು ಮಡಚಿ, ಅವನ ಹಾಗೇ ದನಿ ಎಳೆದು ಇಡೀ ಕಥೆ ಮಾಡಿ ತೋರಿಸಿದಳು. ಅಕ್ಕ ನಗದೆ ಪಾತ್ರೆ ತೊಳೆಯಲು ಎದ್ದುಹೋದಳು. ಅವನು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಗಿಣಿಗೆ ಹನ್ನೊಂದನೇ ನಂಬರಿನ ಪ್ರೆಸ್ಸು ಸಿಕ್ಕಿತು.

ಒಂಬತ್ತನೆಯ ತಿಂಗಳು ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ಸುದ್ದಿಯಾಯಿತು. ಅವರು ಬರುವುದು ಎರಡು ದಿನ ಮೊದಲೇ ಗೊತ್ತಾಗುತ್ತಿತ್ತು, ಗೊತ್ತಾಗದಿದ್ದರೆ ಅವರಿಗೇ ಬೇಜಾರು. ಮ್ಯಾನೇಜರ್ ಅವನ ಕೈಗೆ ಸ್ಪ್ಯಾನರ್ ಕೊಟ್ಟರು. ಅವನು ಗುಜರಿ ಕೋಣೆಯಿಂದ ಜಾಲರಿಗಳನ್ನು ಹೊತ್ತು ತಂದು, ಒರೆಸಿ, ಬಣ್ಣದಲ್ಲಿ ನಂಬರು ಬರೆದು, ಒಂದೊಂದಕ್ಕೆ ನಾಲ್ಕು ಬೋಲ್ಟು ಬಿಗಿದು ಹದಿನಾಲ್ಕೂ ಪ್ರೆಸ್ಸಿಗೆ ಕೂರಿಸಿದ. ಎರವಲು ಒಡವೆ ಹಾಕಿಸಿಕೊಂಡು ನಿಂತಿದಾವೆ ನೋಡು ಮುಂಡೇವು ಅಂತ ಹೆಂಗಸರು ನಕ್ಕರು. ಇನ್ಸ್‌ಪೆಕ್ಟರ್ ಸೋಮವಾರ ಬಂದು, ಟೀ ಕುಡಿದು, ಹನ್ನೊಂದನೇ ಪ್ರೆಸ್ಸಿನ ಪಕ್ಕ ಮ್ಯಾನೇಜರನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು.

"ನಾಳೆ ಬೆಳಿಗ್ಗೆಯೊಳಗೆ ಎಲ್ಲ ಬಿಚ್ಚಿರಬೇಕು," ಅಂದರು ಮ್ಯಾನೇಜರ್. "ಎರಡು ದಿನದ ಮಾಲು ಹಿಂದೆ ಬಿದ್ದಿದೆ."

ಹದಿಮೂರು ಬಿಚ್ಚಿ ಅವನು ಹನ್ನೊಂದರ ಮುಂದೆ ನಿಂತ. ಕೈ ಏಳಲಿಲ್ಲ. ಇದೊಂದು ಇರಲಿ, ಬೋಲ್ಟಿಗೆ ತುಕ್ಕು ಹಿಡಿದು ಬರ್ತಿಲ್ಲ ಅಂತ ಹೇಳಿದರಾಯಿತು ಅಂದುಕೊಂಡ. ಗಿಣಿ ತಗಡಿನ ಕಟ್ಟು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ಪಕ್ಕದ ಹತ್ತನೇ ಪ್ರೆಸ್ಸಿನವಳು ಆಗಲೇ ಶುರು ಮಾಡಿದ್ದಳು.

"ಬೇಗ ಬಿಚ್ಚಿ ಭಾವ. ಅವಳಿಗೆ ನೂರು ಆಗೋಯ್ತು. ನಂಗೊಬ್ಬಳಿಗೆ ಬೈಸ್ತೀರಾ?"

ಅವನು ಬಿಚ್ಚಿದ. ನಾಲ್ಕು ಬೋಲ್ಟು. ನಾಲ್ಕನೆಯದಕ್ಕೆ ನಿಜವಾಗಿಯೂ ಸ್ವಲ್ಪ ತುಕ್ಕು ಹಿಡಿದಿತ್ತು. ಬಲ ಹಾಕಿ ತಿರುಗಿಸಿದ.

ಗುರುವಾರ ಊಟದ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅವನು ಫ್ಯಾನಿನ ಕೆಳಗೆ ಕೂತು ಮುಂದಿನ ತಿಂಗಳ ಹಾಳೆಗಳಿಗೆ ಗೆರೆ ಎಳೆಯುತ್ತಿದ್ದ. ಶೆಡ್ಡಿನಲ್ಲಿ ಪ್ರೆಸ್ಸುಗಳ ಸದ್ದು ಒಂದೊಂದಾಗಿ ನಿಂತಿತು. ಅದು ಏನು ಅಂತ ಅವನಿಗೆ ಗೊತ್ತಿತ್ತು. ಅವನ ಬೆರಳು ಹೋದ ದಿನವೂ ಪ್ರೆಸ್ಸುಗಳು ಹಾಗೇ ನಿಂತಿದ್ದವು. ಓಡಿದ. ಗಿಣಿ ನೆಲದ ಮೇಲೆ ಕೂತು ಎಡಗೈಯಲ್ಲಿ ಬಲ ಮುಂಗೈ ಹಿಡಿದುಕೊಂಡಿದ್ದಳು. ಹೆಬ್ಬೆರಳು ಉಳಿದಿತ್ತು. ಮಿಕ್ಕ ನಾಲ್ಕು ಇರಲಿಲ್ಲ. ಅಳುತ್ತಿರಲಿಲ್ಲ. "ಒಂದೇ ಸಲ ಒತ್ತಿದ್ದು ಭಾವ, ಒಂದೇ ಸಲ," ಅನ್ನುತ್ತಿದ್ದಳು. ಹತ್ತನೇ ಪ್ರೆಸ್ಸಿನವಳು ತನ್ನ ದುಪಟ್ಟಾ ಹರಿದು ಸುತ್ತಿದಳು. ಯಾರೋ ಹಿಂದಿನಿಂದ, "ಜಾಲರಿ ತಂದು ಹಾಕ್ರೋ ಬೋಳಿಮಕ್ಳಾ, ಈಗ ಹಾಕ್ರೋ," ಅಂತ ಕೂಗಿದರು. ಅದು ತನಗೇ ಅಂದದ್ದು ಅನ್ನಿಸಿ ಅವನು ತಿರುಗಿ ನೋಡಲಿಲ್ಲ.

ಹದಿನೈದು ದಿನದ ಮೇಲೆ ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ. ಅದೇ ಇನ್ಸ್‌ಪೆಕ್ಟರು, ಅದೇ ಟೀ. ಗಿಣಿಯನ್ನು ಕೂರಿ ಅಂತ ಯಾರೂ ಅನ್ನಲಿಲ್ಲ. ತನ್ನ ತಪ್ಪಿನಿಂದ ಕೈ ಹೋಯಿತು ಅಂತ ಬರೆದರೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ ಅಂತ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಬಾಗಿಲ ಪಕ್ಕ ಬಿಳಿ ಹೆಲ್ಮೆಟ್ ಕಂಕುಳಲ್ಲಿಟ್ಟು ನಿಂತಿದ್ದ.

ಮ್ಯಾನೇಜರ್ ಬೀರುವಿನಿಂದ ನಾಲ್ಕನೆಯ ತಿಂಗಳ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಅವನ ಅಕ್ಷರ, ಕೆಳಗೆ ಗಿಣಿಯ ದುಂಡನೆಯ ರುಜು. ಇನ್ಸ್‌ಪೆಕ್ಟರ್ ಆ ರುಜುವನ್ನೂ ಬ್ಯಾಂಡೇಜಿನ ಉಂಡೆಯನ್ನೂ ನೋಡಿದರು.

"ಸೇರೋವಾಗ ತಿಳಿವಳಿಕೆ ಹೇಳಿದ್ರಾ?"

"ಹೇಳಿದ್ರು ಸರ್. ನಮ್ಮ ಭಾವನೇ ಹೇಳಿದ್ದು."

"ಏನ್ ಹೇಳಿದ್ರು?"

ಗಿಣಿ ಶುರು ಮಾಡಿದಳು. ಹೊಸ ಮದುವೆ, ಮನೆಯಲ್ಲಿದ್ದ ಮನಸ್ಸು, ಪ್ರೆಸ್ಸಿನ ಹೊಟ್ಟೆಕಿಚ್ಚು, ಒಂದಕ್ಷರ ಬಿಡಲಿಲ್ಲ. ಅವನು ಕೈ ಎತ್ತುತ್ತಿದ್ದ ಜಾಗ ಬಂದಾಗ ಬ್ಯಾಂಡೇಜಿನ ಕೈ ತಾನಾಗಿ ಮೇಲೆ ಹೋಯಿತು. ಉಂಗುರದ ಮಾತಿಗೆ ಇನ್ಸ್‌ಪೆಕ್ಟರ್ ನಕ್ಕುಬಿಟ್ಟರು. ಭಾವನಿಗೆ ತೊಂದರೆ ಆಗಬಾರದು, ಭಾವ ಕೆಲಸ ಚೆನ್ನಾಗಿ ಮಾಡಿದ್ದಾನೆ ಅಂತ ಗೊತ್ತಾಗಲಿ ಅಂತ ಅವಳು ಪೂರ್ತಿ ಒಪ್ಪಿಸುತ್ತಿದ್ದಳು. ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ಆ ಸೋಮವಾರ ನಾನು ನೋಡಿದಾಗ ಹನ್ನೊಂದಕ್ಕೆ ಜಾಲರಿ ಇತ್ತು," ಅಂದರು ಇನ್ಸ್‌ಪೆಕ್ಟರ್. "ಫೋಟೋ ಇದೆ. ಬಿಚ್ಚಿದ್ದು ಯಾರು?"

"ಇನ್ಯಾರು ಸರ್? ಜಾಸ್ತಿ ಮಾಡಬೇಕು ಅಂತ ಇವರೇ ಬಿಚ್ಕೊಳ್ತಾರೆ. ಮಾಡಿದ್ದುಣ್ಣೋ ಮಹರಾಯ," ಅಂದರು ಮ್ಯಾನೇಜರ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವನ ಕೈ ಜೇಬಿನಲ್ಲಿದ್ದ ಸ್ಪ್ಯಾನರಿನ ಮೇಲೆ ಹೋಯಿತು. ಗಿಣಿ ಕುತ್ತಿಗೆ ತಿರುಗಿಸಿ ಅವನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ.

"ನಾನೇ ಸರ್," ಅಂದಳು ಗಿಣಿ. "ನನ್ನದೇ ತಪ್ಪು."

ಮನೆಗೆ ನಡೆದುಹೋಗುವಾಗ ದಾರಿಯುದ್ದಕ್ಕೂ ಅವಳು ಅಂಗಡಿಗಳ ಬಗ್ಗೆ, ಬಸ್ಸಿನ ಬಗ್ಗೆ, ಡಾಕ್ಟರ ಮೂಗಿನ ಬಗ್ಗೆ ಮಾತಾಡಿದಳು. ಕೈಯ ಬಗ್ಗೆ ಆಡಲಿಲ್ಲ. ತಡೆಯಲಾರದೆ ಅವನೇ ಕೇಳಿದ.

"ಯಾಕೆ ಹಾಗಂದೆ?"

"ನೀವೇನಾದ್ರೂ ಅಂತೀರೇನೋ ಅಂತ ನೋಡ್ದೆ ಭಾವ. ಅನ್ನಲಿಲ್ಲ. ಯಾರಾದ್ರೊಬ್ರು ಅನ್ನಬೇಕಿತ್ತಲ್ಲ."

ಅಂದಿನಿಂದ ಅವನಿಗೆ ಹೆಂಡತಿಯ ಮುಖ ನೋಡುವುದಕ್ಕಾಗಲಿಲ್ಲ. ಜಾಲರಿ ಬಿಚ್ಚಿದ್ದು ಯಾರು ಅಂತ ಗಿಣಿ ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಹೆಂಡತಿ ತಂಗಿಯ ತಲೆ ಬಾಚುವಾಗ, ಅನ್ನ ಕಲೆಸಿ ಕೊಡುವಾಗ ಅವನು ಎದ್ದು ಹೊರಗೆ ನಿಲ್ಲುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಒಂದು ಗಾದೆಯಿದೆ. ಮೇಯ್ದ ಬೇಲಿಗೆ ಊಟ ಸೇರುತ್ತದೆಯೇ ಅಂತ ಗಾದೆ ಕಟ್ಟಿದವರು ಹೇಳಿಲ್ಲ. ಹತ್ತನೆಯ ತಿಂಗಳೂ ಹನ್ನೊಂದನೆಯ ತಿಂಗಳೂ ಅವನು ಬೆಂಚುಗಳ ಮುಂದೆ ಅದೇ ಕಥೆ ಹೇಳಿದ. ಜನ ಅದೇ ಜಾಗದಲ್ಲಿ ನಕ್ಕರು.

ವರ್ಷ ತುಂಬುವ ತಿಂಗಳು ಮ್ಯಾನೇಜರ್ ಕರೆಸಿದರು. ಮುಖದಲ್ಲಿ ಧರ್ಮರಾಯನ ಕಳೆ.

"ನಿನ್ನ ನಾದಿನಿ ಸುಮ್ನೆ ಮನೇಲಿ ಕೂತಿದಾಳಂತಲ್ಲ. ಕರ್ಕೊಂಡು ಬಾ. ಸೇಫ್ಟಿಗೆ ಇನ್ನೊಬ್ರು ಬೇಕು, ಹೆಂಗಸೇ ಬೇಕು ಅಂತಿದಾರೆ ಕಂಪನಿಯವರು. ಅವಳ ಕೈ ನಿಂದಕ್ಕಿಂತ ಚೆನ್ನಾಗಿದೆ. ಇಬ್ರೂ ಅಕ್ಕಪಕ್ಕ ನಿಂತು ಹೇಳಿ. ನಂದೇ ತಪ್ಪು ಅಂತ ಅವಳಿಗೂ ಕಲ್ಸು."

ಮನೆಯಲ್ಲಿ ಹೇಳಿದಾಗ ಹೆಂಡತಿ ಬೈಯುತ್ತಾಳೆ ಅಂದುಕೊಂಡಿದ್ದ. ಬೈಯಲಿ ಅಂತ ಕಾದಿದ್ದ. ಅವಳು ತಂಗಿಯ ಕಡೆ ನೋಡಿ, ತಲೆ ತಗ್ಗಿಸಿ, "ಕೂತ್ಕೊಂಡು ಮಾಡೋ ಕೆಲಸ ಅಲ್ವಾ, ಹೋಗ್ಲಿ ಬಿಡಿ," ಅಂದಳು.

ಗಿಣಿಗೆ ಕಲಿಸುವುದು ಏನಿತ್ತು? ಭಾನುವಾರ ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ನಿಂತು ತಾನೇ ಹೊಸೆದ ಕಥೆ ಹೇಳಿದಳು.

"ನಂಗಿನ್ನೂ ಮದುವೆಯಾಗಿಲ್ಲ. ಕೈ ಹಿಡಿಯೋನು ಯಾವಾಗ ಬರ್ತಾನೋ ಅಂತ ಯೋಚನೆ ಮಾಡ್ತಿದ್ದೆ. ಪ್ರೆಸ್ಸೇ ಕೈ ಹಿಡೀತು."

"ಅಲ್ಲಿ ಸ್ವಲ್ಪ ನಿಲ್ಲು," ಅಂದ ಅವನು. "ನಗೋಕೆ ಬಿಡು. ಆಮೇಲೆ ಕೈ ಎತ್ತು."

ಅಂದ ಮಾತು ಕಿವಿಗೆ ಬಿದ್ದಾಗ ಅವನು ಎದ್ದುಬಿಟ್ಟ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಿಣಿ ಹೊರಗಿನಿಂದ, ಏನಾಯ್ತು ಭಾವ, ಸರಿಯಾಗಿ ಹೇಳ್ಲಿಲ್ವಾ ಅಂತ ಕೇಳುತ್ತಿದ್ದಳು. ಅವನು ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ.

ಸೋಮವಾರ ಕ್ಯಾಂಟೀನಿನಲ್ಲಿ ಇಪ್ಪತ್ಮೂರು ಜನ ಹೊಸಬರಿದ್ದರು. ಮ್ಯಾನೇಜರ್ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ಗಿಣಿಗೆ ಹೊಸ ಬಿಳಿ ಹೆಲ್ಮೆಟ್ ಕಿವಿಯವರೆಗೆ ಇಳಿದಿತ್ತು. ಅವಳು ಕಥೆಯಲ್ಲಿ ಜನ ನಗುವ ಜಾಗಕ್ಕೆ ಬರುವ ಹೊತ್ತಿಗೆ ಅವನು ಗುಜರಿ ಕೋಣೆಯಿಂದ ಬಂದ. ಎದೆಗೆ ಒತ್ತಿ ಹೊತ್ತಿದ್ದ ಕಬ್ಬಿಣದ ಜಾಲರಿಯನ್ನು ಮೇಜಿನ ಮೇಲೆ ಇಟ್ಟ. ಹನ್ನೊಂದು ಅಂತ ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ಪಕ್ಕದಲ್ಲಿ ಸ್ಪ್ಯಾನರ್ ಇಟ್ಟ.

"ಸಾಕು ಗಿಣಿ, ನಿಲ್ಸು," ಅಂದ. ಹೊಸಬರ ಕಡೆ ತಿರುಗಿದ. "ಇವಳ ತಪ್ಪಲ್ಲ. ಇದನ್ನ ಬಿಚ್ಚಿದ್ದು ನಾನು, ಈ ಕೈಯಲ್ಲಿ. ಇವಳು ಬೇಗ ಬಿಚ್ಚಿ ಅಂದ್ಲು, ಬಿಚ್ದೆ. ಬಿಚ್ಚದೇ ಇರಬಹುದಿತ್ತು. ಕೇಳಿದಾಗ ಬಾಯಿ ಬಿಡಬಹುದಿತ್ತು, ಬಿಡ್ಲಿಲ್ಲ. ಬಿಚ್ಚಿಸಿದ್ದು ಬಾಗಿಲಲ್ಲಿ ನಿಂತಿದಾನಲ್ಲ, ಇವನು." 'ಇವರು' ಅನ್ನಬೇಕಾದ ಕಡೆ ಬಾಯಿಗೆ 'ಇವನು' ಅಂತಲೇ ಬಂತು. "ಹದಿಮೂರು ಇನ್ನೂ ಗುಜರಿ ಕೋಣೇಲಿವೆ. ಹೋಗಿ ಎಣಿಸ್ಕೊಳ್ಳಿ. ನನ್ನ ಬೆರಳು ಹೋದಾಗ ನಂಗೆ ಮದುವೆಯಾಗಿ ಏಳು ವರ್ಷ ಆಗಿತ್ತು."

ಯಾರೂ ನಗಲಿಲ್ಲ. ಮ್ಯಾನೇಜರ್ ಟೀ ಲೋಟವನ್ನು ಕಿಟಕಿಯ ಮೇಲಿಟ್ಟು, "ಕುಡಿದು ಬಂದಿದಾನೆ ಸೂಳೆಮಗ, ಎಳ್ಕೊಂಡ್ಹೋಗ್ರೋ ಯಾರಾದ್ರೂ," ಅಂದರು. ವಾಚ್‌ಮನ್ ಕದಲಲಿಲ್ಲ. ಆ ವಾಚ್‌ಮನ್ನನ ತಂಗಿಯೂ ಹೊಸಬರ ಬೆಂಚಿನ ಮೇಲೆ ಕೂತಿದ್ದಳು.

ಅವನು ಹಾಳೆ ಎಳೆದುಕೊಂಡ. 'ಇಂದು ತಿಳಿಸಿದ ವಿಷಯ' ಅಂತ ಇದ್ದ ಕಡೆ, ಮೂರು ಬೆರಳಲ್ಲಿ ಪೆನ್ನು ಒತ್ತಿ ಹಿಡಿದು, 'ಹನ್ನೊಂದನೇ ಪ್ರೆಸ್ಸಿನ ಜಾಲರಿ ಬಿಚ್ಚಿದವನು ನಾನು, ಬಿಚ್ಚಿಸಿದವನು ಮ್ಯಾನೇಜರ್' ಅಂತ ಬರೆದು, ಕೆಳಗೆ ತನ್ನ ರುಜು ಹಾಕಿದ. ಒಂದು ವರ್ಷದಲ್ಲಿ ಆ ಹಾಳೆಗಳ ಮೇಲೆ ಅವನು ಬರೆದ ಮೊದಲ ನಿಜ ಅದು.

"ಕೇಳಿದ್ದೀರಿ ತಾನೇ? ಕೇಳಿದ್ದಕ್ಕೆ ರುಜು ಹಾಕೋದು ಇಲ್ಲಿನ ರೂಲ್ಸು. ಹಾಕಿ."

ಬೆಂಚುಗಳು ಮಿಸುಕಲಿಲ್ಲ. ಎಲ್ಲರಿಗೂ ಕೆಲಸ ಬೇಕಿತ್ತು. ಅವರವರ ಮನೆಗಳಲ್ಲಿ ಬಿಳಿ ಹೆಲ್ಮೆಟ್ಟಿಗೋ ಕುರ್ಚಿಗೋ ಕಾದವರು ಇದ್ದರು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಿಣಿ ಹೆಲ್ಮೆಟ್ ತೆಗೆದು ನೆಲದ ಮೇಲಿಟ್ಟಳು. ಎಡಗೈ ಚಾಚಿ ಪೆನ್ನು ತೆಗೆದುಕೊಂಡಳು. ಆ ಕೈಯಲ್ಲಿ ಅವಳು ಈವರೆಗೆ ಏನನ್ನೂ ಬರೆದಿರಲಿಲ್ಲ. ಹಾಳೆ ಜಾರಿತು. ಹೆಬ್ಬೆರಳೊಂದೇ ಉಳಿದ ಬಲಗೈಯನ್ನು ಅದರ ಮೇಲೆ ಊರಿಕೊಂಡಳು.

ಮ್ಯಾನೇಜರ್ ಬೆಂಚುಗಳ ನಡುವೆ ನುಗ್ಗಿಕೊಂಡು ಬರುತ್ತಿದ್ದರು. ಅವನು ಜಾಲರಿಯನ್ನು ಎತ್ತಿ ಗಿಣಿಗೂ ಅವರಿಗೂ ನಡುವೆ ಮೇಜಿನ ಅಂಚಿಗೆ ನಿಲ್ಲಿಸಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ. ಜಾಲರಿಯ ಕಣ್ಣುಗಳ ಆಚೆ ಮ್ಯಾನೇಜರ ಮುಖ ಕಂಡಿತು. ಈಚೆ ಗಿಣಿ ನಾಲಿಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಮಗುವಿನ ಹಾಗೆ ಸೊಟ್ಟಗೆ, ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದಳು. ಎರಡನೆಯದಕ್ಕೆ ಬರುವಾಗ ಹಿಂದಿನ ಬೆಂಚಿನಿಂದ ಯಾರೋ ಎದ್ದ ಸದ್ದಾಯಿತು. ಮೇಜಿನ ಕಡೆಗೆ ಬರುತ್ತಿದ್ದಾರೋ ಬಾಗಿಲ ಕಡೆಗೆ ಹೋಗುತ್ತಿದ್ದಾರೋ ನೋಡುವುದಕ್ಕೆ ಅವನು ತಲೆ ಎತ್ತಲಿಲ್ಲ.